ಹಳೇ ಜೀಪಿನ ಟ್ರಾನ್ಸ್‌ಫರ್ ಕೇಸಿಗೆ ಯಾವ ಆಯಿಲ್?

ಕೆರಗೋಡು, ಬಸರಾಳು, ಕೊಪ್ಪದ ಕಡೆಯವರು ಮತ್ತೆ ಮತ್ತೆ ಕೇಳುವುದು ಒಂದನ್ನೇ. ಹಳೇ ಫೋರ್‌ವೀಲ್ ಜೀಪಿದೆ, ಟ್ರಾನ್ಸ್‌ಫರ್ ಕೇಸು ಗುಂಯ್ ಅನ್ನುತ್ತದೆ, ಯಾವ ಆಯಿಲ್ ಹಾಕಿಸಬೇಕು? ಅಂಗಡಿಯವರದು ಒಂದು ಮಾತು, ಮೆಕ್ಯಾನಿಕ್ಕಿನದು ಇನ್ನೊಂದು.

ನಮ್ಮ ಕಡೆ ಕಬ್ಬಿನ ಗದ್ದೆ, ಆಲೆಮನೆ, ನಾಲೆ ಏರಿಯ ಮೇಲೆ ಇನ್ನೂ ದುಡಿಯುತ್ತಿರುವ ಹಳೇ ಮಹೀಂದ್ರ ಜೀಪುಗಳಲ್ಲಿ ಹೆಚ್ಚಿನವಕ್ಕೆ ಇರುವುದು ವಿಲ್ಲೀಸ್ ಕಾಲದಿಂದ ಬಂದ ಡಾನಾ 18 ಮಾದರಿ. ಬೀಡಿನ ಪೆಟ್ಟಿಗೆ, ಒಳಗೆಲ್ಲ ಗೇರು, ಚೈನಿಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಗೇರಿನದೇ, ಆದರೆ ಅದು ಗೇರ್‌ಬಾಕ್ಸಿನಿಂದ ದೂರ ಕೂತಿದೆ, ನಡುವೆ ಗಿಡ್ಡ ಶಾಫ್ಟಿದೆ. ಎರಡಕ್ಕೂ ಬೇಕಾದ್ದು ಗೇರ್ ಆಯಿಲ್, ಅದರಲ್ಲಿಯೂ ಜಿಎಲ್-4. ಮಂಡ್ಯದ ಹವೆಗೆ 80ಡಬ್ಲ್ಯೂ-90 ಸರಿಯಾಗಿ ಹೊಂದುತ್ತದೆ.

"ನಾಲ್ಕಕ್ಕಿಂತ ಐದು ವಾಸಿ ಅಲ್ವಾ ಸಾ?" ಎಂದು ಕೇಳದವರೇ ಇಲ್ಲ. ವಾಸಿ ಅಲ್ಲ. ದಯವಿಟ್ಟು ಇದೊಂದನ್ನು ಗಮನವಿಟ್ಟು ಕೇಳಿ. ಜಿಎಲ್-5 ಮಾಡಿರುವುದು ಹಿಂದಿನ ಆಕ್ಸಲಿನ ಕ್ರೌನ್ ಗೇರಿಗಾಗಿ. ಅಲ್ಲಿ ಹಲ್ಲುಗಳು ಭಾರ ಹೊತ್ತುಕೊಂಡೇ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಡೆಯಲು ಎಣ್ಣೆಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಜಿಎಲ್-5ರಲ್ಲಿ ಇವು ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಬಿಸಿ ಏರಿದಾಗ ಇವು ಲೋಹದ ಮೈಗೆ ತೆಳುವಾದ ಪದರವಾಗಿ ಕೂರುತ್ತವೆ, ಹಲ್ಲು ಉಜ್ಜಿದಾಗ ಆ ಪದರ ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಆದರೆ ಗೇರ್‌ಬಾಕ್ಸಿನೊಳಗೆ ಹಿತ್ತಾಳೆಯ ಸಿಂಕ್ರೋ ರಿಂಗುಗಳಿವೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಕಂಚಿನ ವಾಷರುಗಳಿವೆ. ಈ ಮೆತ್ತನೆಯ ಲೋಹಕ್ಕಿಂತ ಪದರವೇ ಗಟ್ಟಿ. ಕಲ್ಲುಗೋಡೆಯ ಸುಣ್ಣ ಎದ್ದರೆ ಸುಣ್ಣವಷ್ಟೇ ಉದುರುತ್ತದೆ, ಮಣ್ಣುಗೋಡೆಯದು ಎದ್ದರೆ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಇಲ್ಲಿಯೂ ಹಾಗೆಯೇ, ಪದರ ಏಳುವಾಗ ಹಿತ್ತಾಳೆಯನ್ನೂ ಎಬ್ಬಿಸುತ್ತದೆ. ಬಸಿದ ಎಣ್ಣೆಯಲ್ಲಿ ಬಂಗಾರದ ಪುಡಿಯಂಥದ್ದು ಮಿನುಗುವುದನ್ನು ನಾನು ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿದಿದೆ. ಹಿತ್ತಾಳೆಗೆ ಹಾನಿ ಮಾಡದ ಜಿಎಲ್-5 ಈಗ ಬಂದಿರುವುದು ನಿಜ. ಆದರೆ ಸಿಂಕ್ರೋ ರಿಂಗು ಕೆಲಸ ಮಾಡುವುದೇ ಉಜ್ಜಾಟದಿಂದ. ಎಣ್ಣೆ ಅತಿಯಾಗಿ ಜಾರಿದರೆ ರಿಂಗು ಹಿಡಿಯುವುದಿಲ್ಲ, ಗೇರು ಕರಕರ ಅನ್ನುತ್ತದೆ.

ಗೇರ್‌ಬಾಕ್ಸಿನ ಮಾತು ಇಲ್ಲಿ ಯಾಕೆ ಬಂತು ಅನ್ನುತ್ತೀರಾ? ಹಳೇ ಜೀಪುಗಳಲ್ಲಿ ಗೇರ್‌ಬಾಕ್ಸೂ ಟ್ರಾನ್ಸ್‌ಫರ್ ಕೇಸೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ಒಂದರ ಎಣ್ಣೆ ಇನ್ನೊಂದಕ್ಕೆ ಹಾಯುತ್ತದೆ. ಇಲ್ಲಿ ಸುರಿದದ್ದು ಅಲ್ಲಿಗೂ ಹೋಗುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಎಣ್ಣೆ, ಜಿಎಲ್-4. ಕ್ರೌನಿಗೆ ಮಾತ್ರ ಜಿಎಲ್-5. ಅಂಗಡಿಯಲ್ಲಿ ಬರೀ "ಗೇರ್ ಆಯಿಲ್ ಕೊಡಿ" ಅನ್ನಬೇಡಿ, ಡಬ್ಬಿ ತಿರುಗಿಸಿ ಜಿಎಲ್ ಅಂಕಿಯನ್ನು ನೀವೇ ಓದಿ.

ಇನ್ನೊಂದು ನಂಬಿಕೆ, 140ನೇ ನಂಬರಿನ ಮಂದ ಎಣ್ಣೆ ಹಾಕಿದರೆ ಸದ್ದು ನಿಲ್ಲುತ್ತದೆ ಎಂಬುದು. ನಿಲ್ಲುವುದಿಲ್ಲ, ಅಡಗುತ್ತದೆ ಅಷ್ಟೆ. ಡಾನಾ 18ರಲ್ಲಿ ಸಾಮಾನ್ಯವಾಗಿ ಸವೆಯುವುದು ನಡುವಿನ ಗೇರಿನ ಶಾಫ್ಟು ಮತ್ತು ಅದರ ಸೂಜಿ ಬೇರಿಂಗುಗಳು. ಮಂದವಾದ ಎಣ್ಣೆ ಬೆಳಗಿನ ತಣ್ಣನೆಯಲ್ಲಿ ಆ ಸೂಜಿಗಳ ಸಂದಿಗೆ ಬೇಗ ಇಳಿಯುವುದೇ ಇಲ್ಲ. ಸದ್ದು ಬಂದರೆ ಶಾಫ್ಟು ಬಿಚ್ಚಿ ನೋಡಿಸಿ. ಅಂದಹಾಗೆ, ಗೇರ್ ಆಯಿಲಿನ 90 ಎಂಜಿನ್ ಆಯಿಲಿನ 40ಕ್ಕಿಂತ ಎರಡು ಪಟ್ಟು ಮಂದ ಎಂದು ಲೆಕ್ಕ ಹಾಕಬೇಡಿ. ಎರಡರ ಅಳತೆಯೇ ಬೇರೆ. ಬಿಸಿಯಾದಾಗ ಗೇರಿನ 90ನೇ ನಂಬರು ಎಂಜಿನ್ನಿನ 40, 50ರ ಆಸುಪಾಸಿನಲ್ಲಿಯೇ ಇರುತ್ತದೆ.

ಸ್ಕಾರ್ಪಿಯೊ ಫೋರ್‌ವೀಲಿನಂಥ ಗಾಡಿಗಳ ವಿಷಯ ಬೇರೆ. ಚೈನಿನಿಂದ ಓಡುವ ಕೇಸುಗಳಲ್ಲಿ ಬಹಳಷ್ಟಕ್ಕೆ ತೆಳುವಾದ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬೇಕು, ಅದು ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಅಲ್ಲಿ ಗೇರ್ ಆಯಿಲ್ ಸುರಿಯಬೇಡಿ, ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿಸಿ. ಟ್ರ್ಯಾಕ್ಟರಿಗೆ ತಂದು ಮಿಕ್ಕ ಹೈಡ್ರಾಲಿಕ್ ಎಣ್ಣೆ ಯಾವುದಕ್ಕೂ ಬೇಡ.

ಸಮಯ ಆಗುತ್ತಾ ಬಂತು, ನೀರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಓಡಿ ಕಾದ ಪೆಟ್ಟಿಗೆ ನಾಲೆಯ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಉಸಿರುಕೊಳವೆ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಬಸಿಯಿರಿ. ಹಿಂದಿನ ಸೀಲು ಸೋರಿದರೆ ಹ್ಯಾಂಡ್‌ಬ್ರೇಕಿನ ಡ್ರಮ್ಮೂ ನೆನೆಯುತ್ತದೆ, ಹಳೇ ಜೀಪಿನಲ್ಲಿ ಅದು ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೇ ಇದೆ. ಮತ್ತೆ ಬಸಿಯುವ ಮೊದಲು ಮೇಲಿನ ಪ್ಲಗ್ಗು, ಅಂದರೆ ಎಣ್ಣೆ ತುಂಬುವುದು, ಬಿಚ್ಚುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಕೂತಿದ್ದರೆ ಕೆಳಗಿನದಕ್ಕೆ ಕೈ ಹಾಕಬೇಡಿ. ಎಣ್ಣೆಯನ್ನು ಮೇಲಿನ ತೂತಿನ ಅಂಚಿನವರೆಗೆ ತುಂಬಿದರೆ ಸಾಕು.