ಆಲಿವ್ ತೋಟದ ಬಾಗಿಲು

(ಹೆಬ್ಬಾಳದಲ್ಲಿ ಕೃಷಿ ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಪಠ್ಯ)



ಇಲ್ಲಿಂದ ಹೆಚ್ಚು ದೂರವಿಲ್ಲದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಈ ದಳವು ಜೋಧಪುರದ ದಳದೊಡನೆ ಪ್ಯಾಲೆಸ್ತೀನಿನ ಹೈಫಾ ಬಂದರನ್ನು ತುರ್ಕರಿಂದ ಗೆದ್ದಿತು. ಹೋರಾಡಿದವರು ನಮ್ಮವರು; ನೆಲ ಸೇರಿದ್ದು ಬ್ರಿಟಿಷರ ಕೈಗೆ. ಅಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಕಲ್ಪಿಸುವ ವಾಗ್ದಾನವನ್ನು ಅವರು 1917ರಲ್ಲೇ ನೀಡಿದ್ದರು. ಬಹುಸಂಖ್ಯಾತರಾಗಿದ್ದ ಅರಬರನ್ನು ಕೇಳಿರಲಿಲ್ಲ. 1948ರ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ನಿರಾಶ್ರಿತರಾದರು. 1967ರಲ್ಲಿ ಪಶ್ಚಿಮ ದಂಡೆಯು ಇಸ್ರೇಲಿ ಸೇನೆಯ ವಶವಾಯಿತು. ಅಲ್ಲಿನ ರೈತನ ದಿನಚರಿಯನ್ನು ಕೃಷಿಯ ಕಣ್ಣಿನಿಂದ ನೋಡೋಣ.

ಪಶ್ಚಿಮ ದಂಡೆಯೂ ಗುಡ್ಡಗಾಡು. ಕಲ್ಲುಕಟ್ಟೆಗಳಿಂದ ಮಣ್ಣನ್ನು ಹಿಡಿದಿಟ್ಟು ಆಲಿವ್ ಬೆಳೆಯುತ್ತಾರೆ. ಈ ಮರ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಸೊರಗುತ್ತದೆ. ಉಳುಮೆ, ಸವರುವಿಕೆಗಳು ತಪ್ಪಿದರೆ ಇಳುವರಿ ಇನ್ನೂ ಕುಸಿಯುತ್ತದೆ. ಅಕ್ಟೋಬರ್ ಬಂತೆಂದರೆ ಮನೆಮಂದಿಯೆಲ್ಲ ಕೊಯ್ಲಿಗೆ ಇಳಿಯುತ್ತಾರೆ. ಆದರೆ 2002ರಿಂದ ಕಟ್ಟಲಾದ ತಡೆಗೋಡೆಯ ಆಚೆ ತೋಟವಿರುವ ರೈತನಿಗೆ ಅಲ್ಲಿಗೆ ಹೋಗಲು ಸೇನೆಯ ಪರವಾನಗಿ ಬೇಕು. ಗೋಡೆಯ ಅನೇಕ ಬಾಗಿಲುಗಳು ವರ್ಷದ ಕೆಲವೇ ದಿನ ತೆರೆಯುತ್ತವೆ. ನಮ್ಮ ಅಡಿಕೆ ಕೊನೆ ಕೊಯ್ಯುವ ದಿನವನ್ನು ಬೇರೊಬ್ಬರು ನಿರ್ಧರಿಸಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಇನ್ನೊಂದು ತೊಡಕನ್ನು ಗಮನಿಸಬೇಕು. ಸತತ ಕೆಲವು ವರ್ಷ ಸಾಗುವಳಿಯಾಗದ ಭೂಮಿ ಸರ್ಕಾರಕ್ಕೆ ಸೇರಬಹುದೆಂಬ 1858ರ ತುರ್ಕಿ ಭೂಕಾನೂನನ್ನು ಇಸ್ರೇಲಿ ಆಡಳಿತ ವ್ಯಾಪಕವಾಗಿ ಬಳಸಿಕೊಂಡಿದೆ. ಹಾಗೆ ಘೋಷಿತವಾದ ಬಹಳಷ್ಟು ಭೂಮಿ ಇಸ್ರೇಲಿ ವಸಾಹತುಗಳಿಗೆ ಸಂದಿದೆ. ಆದ್ದರಿಂದ ಹೊಲಕ್ಕೆ ಹೋಗಲಾಗದ ರೈತನಿಗೆ ಫಸಲಿನ ನಷ್ಟದ ಜೊತೆಗೆ ಹೊಲವೇ ಕೈತಪ್ಪುವ ಭಯವೂ ಇದೆ. ನೀರಿನ ಕಥೆಯೂ ಬೇರೆಯಲ್ಲ. 1967ರ 158ನೇ ಸೇನಾ ಆದೇಶದಂತೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಇಸ್ರೇಲಿನ ಪೂರ್ಣ ಹಿಡಿತದಲ್ಲಿರುವುದು ಪಶ್ಚಿಮ ದಂಡೆಯ ಸುಮಾರು ಶೇ. 60 ಭಾಗ, ಅಲ್ಲಿ ಪ್ಯಾಲೆಸ್ತೀನಿಯರಿಗೆ ಮನೆ ಕಟ್ಟುವ ಪರವಾನಗಿಯೂ ದುರ್ಲಭ. ಒಂದೇ ಗುಡ್ಡದ ಮೇಲಿನ ವಸಾಹತಿಗನಿಗೆ ನಾಗರಿಕ ಕಾನೂನು, ಕೆಳಗಿನ ಹಳ್ಳಿಯವನಿಗೆ ಸೇನಾ ನ್ಯಾಯಾಲಯ. ಸುಗ್ಗಿಯ ದಿನಗಳಲ್ಲಿ ವಸಾಹತಿಗರು ಮರಗಳನ್ನು ಕಡಿದ, ರೈತರ ಮೇಲೆ ಹಲ್ಲೆ ನಡೆಸಿದ ಘಟನೆಗಳನ್ನು ವಿಶ್ವಸಂಸ್ಥೆ ವರ್ಷ ವರ್ಷವೂ ದಾಖಲಿಸಿದೆ. 2023ರ ಅಕ್ಟೋಬರ್ ನಂತರ ಇವು ಹೆಚ್ಚಿದವು. ಕುರಿ ಕಾಯುವವರ ಹಲವು ಹಟ್ಟಿಗಳು ಬರಿದಾದವು.

ಇದೆಲ್ಲ ಭದ್ರತೆಗಾಗಿ ಎಂಬುದು ಇಸ್ರೇಲಿನ ವಾದ. ಆತ್ಮಹತ್ಯಾ ಬಾಂಬ್ ದಾಳಿಗಳಿಗೂ 2023ರ ಅಕ್ಟೋಬರ್ 7ರ ಹತ್ಯಾಕಾಂಡಕ್ಕೂ ಬಲಿಯಾದವರು ಬಹುಪಾಲು ಸಾಮಾನ್ಯ ಜನರು. ಆ ನೋವನ್ನು ಅಲ್ಲಗಳೆಯಲಾಗದು. ಆದರೆ ಭದ್ರತೆಗೆಂದು ಕಟ್ಟುವ ಗೋಡೆ ತನ್ನ ಗಡಿಯ ಮೇಲಿರಬೇಕು. ಇದರ ಬಹುಪಾಲು ಹಾದಿ ಪಶ್ಚಿಮ ದಂಡೆಯ ಒಳಗೇ ಸಾಗುತ್ತದೆ. ಅಂತರರಾಷ್ಟ್ರೀಯ ನ್ಯಾಯಾಲಯವು 2004ರಲ್ಲಿ ಆ ನೆಲದೊಳಗಿನ ಗೋಡೆಯನ್ನೂ 2024ರ ಜುಲೈ 19ರಂದು ಆಕ್ರಮಿತ ನೆಲದಲ್ಲಿ ಇಸ್ರೇಲಿನ ಮುಂದುವರಿದ ಇರುವಿಕೆಯನ್ನೂ ಕಾನೂನುಬಾಹಿರವೆಂದು ಅಭಿಪ್ರಾಯಪಟ್ಟಿತು.

ಬಗರ್‌ಹುಕುಂ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ನಮ್ಮ ಮಲೆನಾಡಿಗರಿಗೆ ಕಾಗದದ ಬಲ ಗೊತ್ತು. ಆದರೂ ನಮ್ಮನ್ನಾಳುವವರನ್ನು ಇಳಿಸುವ ಮತ ನಮ್ಮ ಕೈಯಲ್ಲಿದೆ. ಪಶ್ಚಿಮ ದಂಡೆಯ ರೈತನಿಗೆ ತನ್ನ ಬಾಗಿಲಿನ ಬೀಗ ಹಿಡಿದವರ ಮೇಲೆ ಅಂಥ ಮತವಿಲ್ಲ. ಮಿತ್ರರೇ, ನಾಳೆ ನೀವು ಯಾವುದೇ ನಾಡಿನ ಇಳುವರಿಯ ಅಂಕಿ ಓದಿದಾಗ ಮಣ್ಣು, ಮಳೆ, ತಳಿಗಳ ಜೊತೆಗೆ ಇನ್ನೊಂದನ್ನೂ ಕೇಳಿ: ಬೆಳೆದವನಿಗೆ ತನ್ನ ಹೊಲಕ್ಕೆ ಹೋಗುವ ದಾರಿ ತೆರೆದಿತ್ತೇ?