ಇನ್ನೊಂದು ಐವತ್ತು ಅಡಿ, ಇನ್ನೊಂದು ಸ್ಪಿನ್

ಇವತ್ತಿನ ವಿಷಯ ಮೊಬೈಲ್‌ನ ಸ್ಲಾಟ್ ಗೇಮ್. ಆದ್ರೆ ಶುರು ಮಾಡೋದು ಬೋರ್‌ವೆಲ್‌ನಿಂದ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರು ಇದನ್ನ ನೋಡೇ ಇರ್ತೀರಿ. ಬೋರ್ ಕೊರೆಸ್ತಾ ಇದ್ದೀವಿ. ಆರುನೂರು ಅಡಿ ಆದ್ರೂ ಬರೀ ಧೂಳು. ಅಷ್ಟರಲ್ಲಿ ಸ್ವಲ್ಪ ಹಸಿ ಮಣ್ಣು ಬರುತ್ತೆ. "ಇನ್ನೊಂದು ಐವತ್ತು ಅಡಿ ಬಿಡಿ" ಅಂತೀವಿ. ಇಷ್ಟು ದುಡ್ಡು ಸುರಿದ ಮೇಲೆ ನಿಲ್ಲಿಸೋಕೆ ಮನಸ್ಸು ಬರಲ್ಲ ಅಲ್ವಾ?

ಸ್ಲಾಟ್ ಗೇಮ್ ಹಿಡಿಯೋದು ಇದೇ ಮನಸ್ಸನ್ನ. ಮೂರು ಏಳು ಬಂದ್ರೆ ಗೆಲುವು. ಎರಡು ನಿಲ್ಲುತ್ತೆ, ಮೂರನೇದು ಗೆರೆ ದಾಟಿ ಹೋಗುತ್ತೆ. "ಛೇ, ಜಸ್ಟ್ ಮಿಸ್ಸು!" ಲ್ಯೂಕ್ ಕ್ಲಾರ್ಕ್ ಅನ್ನೋ ಸಂಶೋಧಕರ ತಂಡ 2009ರಲ್ಲಿ ಇದನ್ನ ಮಿದುಳಿನ ಸ್ಕ್ಯಾನ್‌ನಲ್ಲಿ ನೋಡಿತು. ಗೆದ್ದಾಗ ಚುರುಕಾಗೋ ಕೆಲವು ಭಾಗಗಳು ಜಸ್ಟ್ ಮಿಸ್ಸಿಗೂ ಚುರುಕಾಗಿದ್ವು. ಆಡೋರಿಗೆ ಬೇಜಾರಾಗ್ತಿತ್ತು, ಆದ್ರೂ ಮತ್ತೆ ಆಡಬೇಕು ಅನ್ನಿಸ್ತಿತ್ತು. ಅದೂ ಚಿತ್ರ ತಾವೇ ಆರಿಸಿಕೊಂಡಿದ್ದಾಗ. "ನನ್ನ ಕೈಲಿದೆ" ಅನ್ನೋ ಭ್ರಮೆ ಇದು.

ವ್ಯತ್ಯಾಸ ಇರೋದು ಇಲ್ಲೇ. ಹಸಿ ಮಣ್ಣು ನೆಲದೊಳಗಿನ ಏನೋ ಒಂದು ಸುಳಿವು ಕೊಡುತ್ತೆ. ಸ್ಕ್ರೀನ್ ಮೇಲಿನ ಎರಡು ಏಳು ಯಾವ ಸುಳಿವೂ ಕೊಡಲ್ಲ. ಮುಂದಿನ ಸ್ಪಿನ್‌ಗೆ ಹಿಂದಿನದು ನೆನಪಿರಲ್ಲ. ನೀವು ಗೆಲುವಿನ ಹತ್ತಿರ ಬಂದೇ ಇಲ್ಲ, ಬಂದ ಹಾಗೆ ತೋರಿಸಿದ್ದಾರೆ ಅಷ್ಟೇ.

ಇನ್ನೊಂದು ಆಟ ನೋಡಿ. ಹತ್ತು ರೂಪಾಯಿ ಕಟ್ಟಿದ್ರಿ, ನಾಲ್ಕು ಬಂತು. ಆರು ರೂಪಾಯಿ ಲಾಸು. ಆದ್ರೆ ಲೈಟು, ಮ್ಯೂಸಿಕ್ಕು ಎಲ್ಲಾ ಗೆದ್ದ ಹಾಗೇ! ಯಾವಾಗ ಬರುತ್ತೋ ಗೊತ್ತಿಲ್ಲದ ಬಹುಮಾನಕ್ಕೇ ಮನಸ್ಸು ಹೆಚ್ಚು ಅಂಟಿಕೊಳ್ಳುತ್ತೆ ಅಂತ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲೇ ತೋರಿಸಿದ್ರು.

ದುಡ್ಡು ಮುಗಿದ್ರೆ ಬೋರ್ ಲಾರಿ ಹೊರಟು ಹೋಗುತ್ತೆ. ಫೋನು ಎಲ್ಲೂ ಹೋಗಲ್ಲ, ದಿಂಬಿನ ಪಕ್ಕದಲ್ಲೇ ಇರುತ್ತೆ. ಲೋನ್ ಆ್ಯಪ್ ಕೂಡ ಅದರಲ್ಲೇ. "ಹೋಗಿದ್ದನ್ನ ವಾಪಸ್ ತಂದು ಬಿಟ್ಟುಬಿಡ್ತೀನಿ" ಅಂತ ಶುರುವಾಗೋದೇ ಆಗ. ಮನೇಲಿ ಹೇಳೋಕೆ ನಾಚಿಕೆ, ಹೇಳದೇ ಇದ್ದಷ್ಟೂ ಸಾಲ.

ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆಯನ್ನ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದೆ. ಆದ್ರೆ "ಇನ್ನೊಂದೇ ಸಲ" ಅನ್ನೋದನ್ನ ಕಾಯ್ದೆಯೊಂದೇ ನಿಲ್ಲಿಸಲ್ಲ. ಅದಕ್ಕೆ ಜೊತೆಗೊಬ್ಬರು ಬೇಕು. ಟೆಲಿ ಮಾನಸ್ ನಂಬರ್ 14416. ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೇ ಅಂತ 'ಶಟ್' ಕ್ಲಿನಿಕ್ ಇದೆ.

ಈಗ ಯಾರಾದ್ರೂ ನೆನಪಾದ್ರಾ? ಬೈಬೇಡಿ. "ಎಷ್ಟು ಹೋಯ್ತು?" ಅನ್ನೋ ಬದಲು "ಊಟ ಆಯ್ತಾ?" ಅಂತ ಕೇಳಿ ಮಾತು ಶುರು ಮಾಡಿ. ಮತ್ತೆ ಸಿಗೋಣ.