ಇಪ್ಪತ್ತು ವರ್ಷದ ನಕ್ಷೆ, ಉತ್ತರ ಹೇಳೋರು ಯಾರು?

ಮಾಸ್ಟರ್ ಪ್ಲಾನ್ ಅಂದ್ರೆ ಏನು? ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ರಸ್ತೆ, ಎಲ್ಲಿ ಪಾರ್ಕ್ ಅಂತ ಮೊದಲೇ ಗೆರೆ ಎಳೆದಿಡೋ ನಕ್ಷೆ. ಬೆಂಗಳೂರಿನ 2015ರ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ಕ್ಕೆ ಅಂತ ಬಿಡಿಎ 2017ರಲ್ಲಿ ಕರಡು ತಂತು. ಆಮೇಲೆ ಸರ್ಕಾರವೇ ಅದನ್ನು ವಾಪಸ್ ತಗೊಂಡಿತು. ಊರು ಬೆಳೀತಾ ಹೋಯ್ತು, ಗೆರೆ ಅಲ್ಲೇ ನಿಂತಿತು.

ಸಂವಿಧಾನ ಏನು ಹೇಳುತ್ತೆ ನೋಡಿ. 74ನೇ ತಿದ್ದುಪಡಿ ಪ್ರಕಾರ ದೊಡ್ಡ ನಗರಕ್ಕೆ ಮಹಾನಗರ ಯೋಜನಾ ಸಮಿತಿ ಇರಬೇಕು. ಅದರ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರನ್ನು ಪಾಲಿಕೆಯ ಚುನಾಯಿತ ಸದಸ್ಯರು, ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿಂದಲೇ ಆರಿಸಬೇಕು. ಆದ್ರೆ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು, ಆಡಳಿತಾಧಿಕಾರಿ ಬಂದು ಕೂತ್ರು. 2025ರಲ್ಲಿ ಒಂದು ಪಾಲಿಕೆ ಐದಾಯ್ತು. ಐದೂ ಶುರುವಾಗಿದ್ದು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದೆ! ಹಾಗಾದ್ರೆ ಸಮಿತಿಗೆ ಆರಿಸೋರು ಯಾರು?

ಕಾರ್ಪೊರೇಟರ್ ಬಂದ್ರೆ ಎಲ್ಲಾ ಸರಿಹೋಗುತ್ತಾ? ಹೋಗಲ್ಲ. ಕೌನ್ಸಿಲ್ ಇದ್ದಾಗಲೂ ಮಳೆ ಬಂದ್ರೆ ಮನೆಗೆ ನೀರು ನುಗ್ಗುತ್ತಿತ್ತು. ಆದ್ರೆ ಆಗ ನಮ್ಮ ವಾರ್ಡ್‌ನಲ್ಲೇ ತಟ್ಟೋಕೆ ಒಂದು ಬಾಗಿಲಿತ್ತು. ಅಧಿಕಾರಿ ವರ್ಗಾವಣೆ ಆಗಿ ಹೋಗ್ತಾರೆ. ಕಾರ್ಪೊರೇಟರ್ ಓಟು ಕೇಳೋಕೆ ಮತ್ತೆ ಅದೇ ಬೀದಿಗೆ ಬರಲೇಬೇಕು.

ಇಪ್ಪತ್ತು ವರ್ಷದ ಪ್ಲಾನ್ ಕಾಗದದ ಮೇಲೆ ಬದುಕಲ್ಲ. ಐದೈದು ವರ್ಷಕ್ಕೊಮ್ಮೆ ಅದಕ್ಕೆ ಲೆಕ್ಕ ಕೇಳೋರು ಬೇಕು. ಹೊಸ ನಕ್ಷೆ ಬಂದಾಗ ಸುರಂಗ ಎಷ್ಟು, ಫ್ಲೈಓವರ್ ಎಷ್ಟು ಅಂತ ಆಮೇಲೆ ನೋಡೋಣ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ವಾರ್ಡ್ ಚುನಾವಣೆ ಯಾವಾಗ?